ಕ್ಲೂನ್‌ಬ್ರಾಕ್‌ನ ಹದಿನೈದನೆಯವನು

ಕ್ಲೂನ್‌ಬ್ರಾಕ್
11 ಜನವರಿ 1987

ಫೆಸ್ಟಿ,

ಲಕೋಟೆಯ ಮೇಲಿನ ಅಕ್ಷರ ಕಂಡ ಕೂಡಲೇ ಒಲೆಯ ಬಾಯಿ ತೆರೆದಿರುತ್ತೀ. ಸುಡುವುದಿದ್ದರೆ ಓದಿ ಸುಡು. ನಿನ್ನ ಮನೆಗೂ ನನ್ನ ಮನೆಗೂ ನಡುವೆ ಆರೇ ಮೈಲಿ, ಇಪ್ಪತ್ತೆಂಟು ವರ್ಷದಲ್ಲಿ ನಮ್ಮಿಬ್ಬರ ನಡುವೆ ಆದ ಮಾತು ಎರಡು. ಹೋದ ವರ್ಷದ ಹಿಂದಿನ ನವೆಂಬರಿನಲ್ಲಿ ನನ್ನ ಡೆಲಿಯಾಳನ್ನು ಮಣ್ಣು ಮಾಡಿದ ದಿನ ನೀನು ಸ್ಮಶಾನದ ಗೇಟಿನ ಹತ್ತಿರ ಕೈ ಕೊಟ್ಟು, "ನನ್ನ ತಂಗಿ ಒಳ್ಳೆಯವಳು," ಎಂದೆ. ನಾನು "ಹೌದು" ಎಂದೆ. ಅದೇ ಆ ಎರಡು.

ಈಗ ವಿಷಯ. ನಮ್ಮ ಕ್ಲಬ್ಬನ್ನು ಮುಚ್ಚುತ್ತಾರಂತೆ. ಮುಚ್ಚುತ್ತೇವೆ ಎಂಬ ಮಾತನ್ನು ಯಾರೂ ಆಡುವುದಿಲ್ಲ, 'ಸೇರಿಸುತ್ತೇವೆ' ಅನ್ನುತ್ತಾರೆ. ಮುಂದಿನ ತಿಂಗಳು ಕೌಂಟಿ ಬೋರ್ಡಿನ ಮುಂದೆ ಒಂದು ಠರಾವು ಬರುತ್ತಿದೆ. ಚಾಂಪಿಯನ್‌ಷಿಪ್ಪಿಗೆ ಹದಿನೈದು ಜನರನ್ನು ಇಳಿಸಲಾಗದ ಹರ್ಲಿಂಗ್ ಆಟದ ಕ್ಲಬ್ಬು ಪಕ್ಕದ ಊರಿನ ಕ್ಲಬ್ಬಿನ ಹೊಟ್ಟೆಗೆ ಹೋಗಬೇಕು. ನಮ್ಮ ಪಕ್ಕದ ಊರು ಯಾವುದೆಂದು ನಿನಗೆ ಹೇಳಬೇಕಾಗಿಲ್ಲ, ನೀನು ಅಲ್ಲೇ ಕೂತು ಅವರು ಚೆಂಡು ಹೊಡೆಯುವ ಹರ್ಲಿ ಕೋಲು ಕೆತ್ತುತ್ತಿದ್ದೀ. ಹೆಸರು ರಹೀನ್‌ಮೋರ್‌ದು, ಅಂಗಿಯ ಬಣ್ಣ ರಹೀನ್‌ಮೋರ್‌ದು. ನಮ್ಮ ಮೈದಾನದ ಗತಿ ಏನು ಎಂದು ಕೇಳಿದರೆ ನಿಮ್ಮ ಅಧ್ಯಕ್ಷ ಬಾರ್ಟ್ಲಿ ಕೊಯ್ನ್, "ಮಳೆಗಾಲದಲ್ಲಿ ಪ್ರಾಕ್ಟೀಸಿಗೆ ಇಟ್ಕೊಳ್ಳೋಣ, ನಮ್ಮ ಹುಲ್ಲು ಹಾಳಾಗೋದು ಬೇಡ," ಅಂದನಂತೆ. ಆ ಮೈದಾನದ ಕಲ್ಲನ್ನು ಆಯ್ದವರು ನಿನ್ನ ಅಪ್ಪ ಮತ್ತು ನನ್ನ ಅಪ್ಪ, ಯುದ್ಧದ ವರ್ಷಗಳಲ್ಲಿ, ಒಂದೇ ಕತ್ತೆಗಾಡಿಯಲ್ಲಿ.

ಕ್ರಿಸ್‌ಮಸ್‌ವರೆಗೆ ನಮ್ಮಲ್ಲಿ ಸರಿಯಾಗಿ ಹದಿನೈದು ಜನ ಇದ್ದರು. ಹೊಸ ವರ್ಷ ಕಳೆದು ಮೂರು ದಿನಕ್ಕೆ ನಾಲ್ವರು ಷಾನನ್‌ನಲ್ಲಿ ಬಾಸ್ಟನ್ ವಿಮಾನ ಹತ್ತಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಈ ಊರಿನಲ್ಲಿ ಈಗ ಕೆಲಸ ಇರುವುದು ಹಸುಗಳಿಗೆ ಮತ್ತು ಪಾದ್ರಿಗೆ.

ನೀನು ರಹೀನ್‌ಮೋರ್ ಕಮಿಟಿಯಲ್ಲಿದ್ದೀ. ನಿನ್ನ ಮಾತಿಗೆ ಅಲ್ಲಿ ತೂಕ ಇದೆ, ಯಾಕೆಂದರೆ ಕೋಲುಗಳೆಲ್ಲ ನಿನ್ನವು. ಈ ಠರಾವಿಗೆ ವಿರುದ್ಧ ಕೈ ಎತ್ತು. ನನಗೋಸ್ಕರ ಬೇಡ. ನಿನ್ನ ಅಪ್ಪನ ಕಲ್ಲುಗಳಿಗೋಸ್ಕರ.

ಕಾಗದ ಬಣ್ಣದ್ದು ಎಂದು ಏನೇನೋ ಅಂದುಕೊಳ್ಳಬೇಡ. ಮನೆಯಲ್ಲಿ ಬೇರೆ ಹಾಳೆ ಇರಲಿಲ್ಲ, ಡೆಲಿಯಾಳ ಡ್ರಾಯರಿನಲ್ಲಿ ಇದು ಸಿಕ್ಕಿತು.

ಇನ್ನೂ ಕಾರ್ಯದರ್ಶಿಯಾಗಿರುವ,
ಮ್ಯಾಲಕಿ ಗೆರಟಿ


ರಹೀನ್‌ಮೋರ್
25 ಜನವರಿ 1987

ಮ್ಯಾಲಕಿ,

ಸುಡಲಿಲ್ಲ. ನೀಲಿ ಹಾಳೆ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದೆ.

ಕೈ ಎತ್ತುವುದಿಲ್ಲ. ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಎರಡು ಊರು ಸೇರಿದರೆ ಒಂದು ಒಳ್ಳೆಯ ತಂಡ ಆಗುತ್ತದೆ ಎಂದು ನನ್ನ ಮಗ ಕೋಲ್ಮ್ ಹೇಳುತ್ತಾನೆ. ಅವನು ಇವರ ತಂಡದ ನಡುಮೈದಾನದಲ್ಲಿ ಆಡುತ್ತಾನೆ. ಅವನ ಮಾತಿನಲ್ಲಿ ತಪ್ಪಿಲ್ಲ.

ಕೋಲು ಬೇಕಾದರೆ ತಿಳಿಸು. ಒಳ್ಳೆಯ ಆಶ್ ಮರ ಬಂದಿದೆ. ಬೇರಿನ ಹತ್ತಿರ ಕಡಿದದ್ದು, ಎಳೆ ತಾನಾಗಿಯೇ ಬಾಗಿದೆ.

ಫೆಸ್ಟಸ್ ಲಾಲಿ


ಕ್ಲೂನ್‌ಬ್ರಾಕ್
22 ಫೆಬ್ರವರಿ 1987

ಫೆಸ್ಟಿ,

ಠರಾವು ಪಾಸಾಯಿತು. ಅರವತ್ತೊಂದು ಕೈ ಆ ಕಡೆ, ಒಂಬತ್ತು ಈ ಕಡೆ. ನೀನು ಗೋಡೆಗೆ ಒರಗಿಕೊಂಡು ಟೋಪಿಯನ್ನು ಎರಡು ಕೈಯಲ್ಲೂ ಹಿಡಿದು ನಿಂತಿದ್ದೆ. ಎರಡು ಕೈಗೂ ಕೆಲಸ ಕೊಟ್ಟುಕೊಂಡೆ ಎಂದು ನನಗೆ ಕಂಡಿತು.

ಅಲ್ಲಿ ಏನಾಯಿತೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಬರೆದರೆ ನನಗೆ ಹಗುರವಾಗುತ್ತದೆ. ಬೋರ್ಡಿನ ಕಾರ್ಯದರ್ಶಿ ಹ್ಯಾನಿಫಿ ಮೃದುವಾಗಿಯೇ ಹೇಳಿದ: "ಮಿಸ್ಟರ್ ಗೆರಟಿ, ಇದೆಲ್ಲ ಸಣ್ಣ ಕ್ಲಬ್ಬುಗಳ ಒಳ್ಳೇದಕ್ಕೇ."

"ನಮ್ಮ ಒಳ್ಳೇದನ್ನ ನಾವೇ ನೋಡ್ಕೋತೀವಿ ಸ್ವಾಮಿ. ನಿಮ್ಮ ಪುಸ್ತಕದಲ್ಲಿ ಎಷ್ಟು ಜನ ಬೇಕು ಅಂತಿದೆ?"

"ಹದಿಮೂರು ಜನ ಇದ್ರೆ ಆಟ ಶುರು ಮಾಡಬಹುದು. ದ್ವಿತೀಯಾರ್ಧ ಶುರುವಾಗೋ ಹೊತ್ತಿಗೆ ಹದಿನೈದು ಜನ ಗೆರೆ ದಾಟಿ ಮೈದಾನಕ್ಕೆ ಬಂದಿರಬೇಕು. ಹದಿನಾಲ್ಕೇ ಆದ್ರೆ ಸೋತ ಹಾಗೆ, ಕ್ಲಬ್ಬೂ ಹೋದ ಹಾಗೆ."

ಹಿಂದಿನಿಂದ ಬಾರ್ಟ್ಲಿ ಕೊಯ್ನ್, "ಹದಿನಾಲ್ಕು ಜನ ಸಾಕು ಬಿಡ್ರಿ, ಹೆಣ ಹೊರೋಕೆ ಆರೇ ಜನ ಬೇಕಾಗೋದು," ಎಂದ. ಎಲ್ಲರೂ ನಕ್ಕರು. ನೀನು ನಗಲಿಲ್ಲ. ಅದನ್ನೂ ನೋಡಿದೆ.

ನಾನು ಹೇಳಿದೆ: "ನಗು ಬಾರ್ಟ್ಲಿ, ನಗು. ಚೀಟಿ ಎತ್ತಿದಾಗ ಮೊದಲ ಆಟ ನಿಮಗೂ ನಮಗೂ ಬಿದ್ದಿದೆ, ಮೇ ಹದಿನೇಳಕ್ಕೆ, ನಮ್ಮ ಮೈದಾನದಲ್ಲಿ. ನಮ್ಮ ತಗಡಿನ ಶೆಡ್ಡಲ್ಲೇ ನೀವು ಬಟ್ಟೆ ಬದಲಾಯಿಸ್ಬೇಕು. ಮಳೆ ಬಂದ್ರೆ ಸೋರ್ತದೆ. ನೀವು ಬರ್ತೀರಿ ಅಂತ ರಿಪೇರಿ ಮಾಡ್ಸಲ್ಲ."

ಅಷ್ಟು ಧೈರ್ಯವಾಗಿ ಹೇಳಿ ಹೊರಗೆ ಬಂದು ನಮ್ಮವರನ್ನು ಬೆರಳಲ್ಲಿ ಎಣಿಸಿದರೆ ಹನ್ನೊಂದೇ.

ಆಮೇಲಿನ ಎರಡು ವಾರ ಮನೆಮನೆ ತಿರುಗಿದ್ದಾಯಿತು. ಕಿರಿಯ ಪಾದ್ರಿ ಫಾದರ್ ಡೆವಾನಿಯನ್ನು ಭಾನುವಾರದ ಪೂಜೆ ಮುಗಿದ ಕೂಡಲೇ, ಮೇಲಂಗಿ ತೆಗೆಯುವ ಮೊದಲೇ ಹಿಡಿದೆ.

"ಫಾದರ್, ನೀವು ಆಡಿದೀರಾ?"

"ಸೆಮಿನರಿಯಲ್ಲಿದ್ದಾಗ ಒಂದ್ಸಲ, ಮ್ಯಾಲಕಿ. ಆದರೆ ಅದು ಫುಟ್‌ಬಾಲು."

"ಇದರ ಚೆಂಡು ಚಿಕ್ಕದು ಫಾದರ್. ಮಿಕ್ಕಿದ್ದೆಲ್ಲ ಒಂದೇ. ಗೋಲಲ್ಲಿ ನಿಲ್ಲಿ. ಪ್ರಾರ್ಥನೆಗೂ ಸಮಯ ಸಿಗ್ತದೆ."

ಅಂಚೆಯ ಮಟ್ಟಿ ಫೇಹಿಗೆ ಎಡಗಣ್ಣು ಮಂದ. "ಎಡಗಡೆಯಿಂದ ಬಂದದ್ದು ನನಗೆ ಕಾಣ್ಸಲ್ಲ ಮಾರಾಯ," ಎಂದ. "ಎಡಗಡೆ ಗೆರೆಗೆ ಅಂಟ್ಕೊಂಡು ನಿಲ್ಲು, ಎಲ್ಲ ಬಲಗಡೆಯಿಂದ್ಲೇ ಬರ್ತದೆ," ಎಂದೆ. ಸ್ವಲ್ಪ ಯೋಚಿಸಿ, "ಹೌದಲ್ವಾ," ಎಂದ. ಹಾಗೆ ಹನ್ನೊಂದು ಇದ್ದದ್ದು ಹದಿಮೂರಾಯಿತು. ಹದಿನಾಲ್ಕನೆಯವನು ನಾನು. ಐವತ್ತೊಂದು ವಯಸ್ಸು, ಎಡ ಸೊಂಟ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತದೆ. ಚಡ್ಡಿ ಹಾಕಿಕೊಂಡು ಕನ್ನಡಿ ಮುಂದೆ ನಿಂತೆ. ಡೆಲಿಯಾ ಇದ್ದಿದ್ದರೆ ಕುರ್ಚಿ ಹಿಡಿದುಕೊಂಡು ನಗುತ್ತಿದ್ದಳು.

ಹದಿನೈದನೆಯವನು ಇಲ್ಲ. ಊರಿನಲ್ಲಿ ಕೋಲು ಎತ್ತಬಲ್ಲ ಗಂಡಸು ಇನ್ನು ಉಳಿದಿಲ್ಲ. ಆದರೆ ನಿಯಮದಲ್ಲಿ ಇನ್ನೊಂದು ಸಾಲಿದೆ. ಮೊದಲು ಯಾವ ಊರಿಗೆ ಆಡಿದನೋ ಅದೇ ಕೊನೆತನಕ ಅವನ ಮನೆಯ ಕ್ಲಬ್ಬು. ಎಷ್ಟು ವರ್ಷದ ಮೇಲಾದರೂ ಅವನು ಮರಳಬಹುದು. ಫಾರ್ಮಿಗೆ ಎರಡು ಸಹಿ ಬೇಕು, ಅವನದು ಮತ್ತು ಅವನು ಬಿಟ್ಟು ಬರುವ ಕ್ಲಬ್ಬಿನ ಅಧ್ಯಕ್ಷನದು. ಫಾರ್ಮು ಇದರೊಳಗಿದೆ.

ಕಾಲೇಜಿನಲ್ಲಿ ನನಗೆ ಲ್ಯಾಟಿನ್ ಹೇಳಿಕೊಡುತ್ತಿದ್ದ ಮುದಿ ಪಾದ್ರಿ ಒಂದು ಸೇತುವೆಯ ಕಥೆ ಹೇಳುತ್ತಿದ್ದ. ಇಡೀ ಸೈನ್ಯ ಬರುತ್ತಿದ್ದರೆ ಒಬ್ಬನೇ ಒಬ್ಬ ಅಡ್ಡ ನಿಂತನಂತೆ. ಹೆಸರು ಮರೆತಿದೆ. ಕಥೆ ಮುಗಿಯುವ ಮೊದಲೇ ಅಪ್ಪನಿಗೆ ಕಾಯಿಲೆಯಾಗಿ ನಾನು ಕಾಲೇಜು ಬಿಟ್ಟೆ, ಆದ್ದರಿಂದ ಸೇತುವೆ ಏನಾಯಿತೆಂದು ನನಗೆ ಇವತ್ತಿಗೂ ತಿಳಿಯದು.

ಕಾಯುತ್ತಿರುವ,
ಮ್ಯಾಲಕಿ


ರಹೀನ್‌ಮೋರ್
8 ಮಾರ್ಚ್ 1987

ಮ್ಯಾಲಕಿ,

ಫಾರ್ಮು ಸಿಕ್ಕಿತು. ಸಹಿ ಹಾಕಿಲ್ಲ. ಹಿಂದಕ್ಕೂ ಕಳಿಸಿಲ್ಲ.

ನನಗೂ ಐವತ್ತೊಂದೇ. ಬಲಮೊಣಕಾಲು ಸರಿಯಿಲ್ಲ. ನಾನು ಬಂದರೆ ನನ್ನ ಮಗನ ಎದುರು ನಿಲ್ಲಬೇಕು, ಸಂಜೆ ಅದೇ ಮಗನ ಜೊತೆ ಕೂತು ಊಟ ಮಾಡಬೇಕು. ಇವೆಲ್ಲ ಇರಲಿ.

ನೀನು ನನಗೆ ಹೇಳಬೇಕಾದ ಒಂದು ಮಾತು ಬಾಕಿ ಇದೆ. ಎರಡು ಪತ್ರ ಬರೆದೆ, ಎರಡರಲ್ಲೂ ಅದಿಲ್ಲ. ಅದು ಬಂದ ಮೇಲೆ ಮೊಣಕಾಲಿನ ವಿಚಾರ ಮಾತಾಡೋಣ.

ಫೆಸ್ಟಸ್


ಕ್ಲೂನ್‌ಬ್ರಾಕ್
29 ಮಾರ್ಚ್ 1987

ಫೆಸ್ಟಿ,

ಮೂರು ವಾರ ಯೋಚಿಸಿದೆ. ಸರಿ, ಹೇಳುತ್ತೇನೆ.

ನಮ್ಮ ಮದುವೆಗೆ ನಿನ್ನನ್ನು ಕರೆಯದೆ ಇದ್ದದ್ದು ತಪ್ಪು. ಡೆಲಿಯಾ ಅಳುತ್ತಿದ್ದಳು. "ಅವನಾಗಿ ಬಂದರೆ ಬಾಗಿಲು ತೆರೆದೇ ಇದೆ," ಎಂದೆ. ಹಾಗೆ ಹೇಳುವವನು ಬಾಗಿಲು ಹಾಕಿಯೇ ಇರುತ್ತಾನೆ, ಒಪ್ಪುತ್ತೇನೆ. ನಿನ್ನ ಅಪ್ಪನ ಕೆಂಪು ಹಸು ನಮ್ಮ ಹಿಂದಿನ ಗದ್ದೆಯಲ್ಲಿ ಕರು ಹಾಕಿದಾಗ ಎರಡು ದಿನ ಹಾಲು ಕರೆದುಕೊಂಡು ಆಮೇಲೆ ಹೇಳಿಕಳಿಸಿದೆ. ಅದೂ ತಪ್ಪು. ನೀನು ರಹೀನ್‌ಮೋರ್ ಹುಡುಗಿಯನ್ನು ಕಟ್ಟಿಕೊಂಡಾಗ ಪಬ್ಬಿನಲ್ಲಿ ಕೂತು, "ಕಪ್ ಸಿಗಲಿಲ್ಲ, ಅಲ್ಲಿಂದ ಹೆಂಡತಿಯನ್ನಾದರೂ ತಂದ," ಎಂದವನೂ ನಾನೇ. ಆಗ ಎಲ್ಲರೂ ನಕ್ಕಿದ್ದರು.

ಇಷ್ಟು ಸಾಕೇ? ಇನ್ನೇನು ಬೇಕು ನಿನಗೆ? ಒಬ್ಬ ಹೆಂಡತಿ ಸತ್ತವನು, ಸೊಂಟ ಕೆಟ್ಟವನು, ಮಂಗಳವಾರ ಗುರುವಾರ ಹದಿಮೂರು ಜನರನ್ನು ಕಟ್ಟಿಕೊಂಡು ಮಳೆಯಲ್ಲಿ ಓಡುತ್ತಿದ್ದೇನೆ. ಫಾದರ್ ಡೆವಾನಿ ಈಗ ಹತ್ತರಲ್ಲಿ ನಾಲ್ಕು ಚೆಂಡು ಹಿಡಿಯುತ್ತಾನೆ, ಮಿಕ್ಕ ಆರಕ್ಕೆ ಅವನ ಬಾಯಿಂದ ಬರುವ ಮಾತು ಪಾದ್ರಿಯ ಬಾಯಲ್ಲಿ ಬರುವಂಥದ್ದಲ್ಲ. ಮಟ್ಟಿ ಗೆರೆ ಬಿಟ್ಟು ಕದಲುವುದಿಲ್ಲ. ನಾವು ಸೋಲುತ್ತೇವೆ. ಸೋಲಲಿಕ್ಕೆ ನನಗೆ ಭಯವಿಲ್ಲ, ನಾಚಿಕೆಯೂ ಇಲ್ಲ. ಕ್ಲೂನ್‌ಬ್ರಾಕ್ ಎಂಬ ಹೆಸರಿನಲ್ಲಿ ಮೂವತ್ತು ಗೋಲಿನಿಂದ ಸೋಲುತ್ತೇನೆ, ರಹೀನ್‌ಮೋರ್ ಅಂಗಿಯಲ್ಲಿ ಒಂದು ಕಪ್ಪೂ ಗೆಲ್ಲುವುದಿಲ್ಲ. ಇದನ್ನು ಬಾರ್ಟ್ಲಿಗೆ ಓದಿ ಹೇಳು, ಬೇಕಾದರೆ ಎರಡು ಸಲ.

ಬರುವುದಿಲ್ಲವಾದರೆ ಬರುವುದಿಲ್ಲ ಎಂದು ಬರೆ. ನಿಲ್ಲುವವರು ನಿಂತೇ ಇರುತ್ತೇವೆ.

ಮ್ಯಾಲಕಿ


ರಹೀನ್‌ಮೋರ್
5 ಏಪ್ರಿಲ್ 1987

ಮ್ಯಾಲಕಿ,

ಹಸುವಿನ ಸಂಗತಿ ಅಪ್ಪನಿಗೆ ಅವತ್ತೇ ಗೊತ್ತಿತ್ತು. ಪಬ್ಬಿನ ಮಾತಿಗೆ ನನ್ನ ಹೆಂಡತಿಯೂ ನಕ್ಕಿದ್ದಳು.

ಅದಲ್ಲ.

ಫೆಸ್ಟಸ್


ಕ್ಲೂನ್‌ಬ್ರಾಕ್
26 ಏಪ್ರಿಲ್ 1987

ಫೆಸ್ಟಿ,

ಈಸ್ಟರ್‌ಗೆ ಮುಂಚೆ ಪಾಪನಿವೇದನೆಗೆ ಹೋಗಿದ್ದೆ. ಜಾಲರಿಯ ಆ ಕಡೆ ನಮ್ಮ ಗೋಲ್‌ಕೀಪರ್. ಹೇಳಲು ಬಾಯಿ ತೆರೆದೆ, ಕಳೆದ ಗುರುವಾರದ ಪ್ರಾಕ್ಟೀಸಿಗೆ ತಡವಾಗಿ ಬಂದೆ ಎಂದು ಹೇಳಿ ಎದ್ದು ಬಂದೆ. ಅವನು, "ಅದು ಪಾಪವೇ," ಎಂದ. ಇಪ್ಪತ್ತೆಂಟು ಈಸ್ಟರ್ ಹೀಗೇ ಹೋಗಿವೆ. ಇದು ಈ ನೀಲಿ ಪ್ಯಾಡಿನ ಕೊನೆಯ ಹಾಳೆ, ಆದ್ದರಿಂದ ಚಿಕ್ಕ ಅಕ್ಷರದಲ್ಲಿ, ಒಂದೇ ಬದಿಯಲ್ಲಿ, ನೇರವಾಗಿ ಬರೆಯುತ್ತೇನೆ.

1958ರ ಅಕ್ಟೋಬರಿನಲ್ಲಿ ನಾವು ಫೈನಲ್‌ನಲ್ಲಿ ರಹೀನ್‌ಮೋರನ್ನು ಒಂದು ಪಾಯಿಂಟಿನಿಂದ ಸೋಲಿಸಿದೆವು. ಮಾರನೆಯ ದಿನವೇ ಅವರ ತಕರಾರು ಬಂತು. ಆ ಬೇಸಿಗೆಯಲ್ಲಿ ನೀನು ಲಂಡನ್ನಿನಲ್ಲಿ ಎರಡು ತಿಂಗಳು ಚರಂಡಿ ತೋಡುತ್ತಿದ್ದಾಗ ಅಲ್ಲಿನ ಒಂದು ಕ್ಲಬ್ಬಿಗೆ ಆಡಿದ್ದೀ, ಆದ್ದರಿಂದ ನಮಗೆ ಆಡಿದ್ದು ಅಕ್ರಮ ಎಂದು. ನೀನು ಆಡಿರಲಿಲ್ಲ. ಗೋಲಿನ ಹಿಂದೆ ಅಂಪೈರನ ಬಾವುಟ ಹಿಡಿದು ನಿಂತಿದ್ದೆ, ಅಷ್ಟೇ. ಹಾಗೆಂದು ಆ ಕ್ಲಬ್ಬಿನ ಕಾರ್ಯದರ್ಶಿ ಒಂದು ಪತ್ರ ಬರೆದು, ಲಕೋಟೆ ಅಂಟಿಸಿ, ಬೋರ್ಡಿಗೆ ಕೊಡಿ ಎಂದು ನನಗೆ ಕಳಿಸಿದ. ತಕರಾರಿಗೆ ನಮ್ಮ ಉತ್ತರ ಬರೆದು, ಆ ಲಕೋಟೆಯನ್ನು ಜೊತೆಗಿಟ್ಟು ಕೊಡುವುದು ಕಾರ್ಯದರ್ಶಿಯಾದ ನನ್ನ ಕೆಲಸ.

ಬೋರ್ಡಿಗೆ ಕೊಡುವ ಪತ್ರ ಐರ್ಲೆಂಡಿನಲ್ಲೇ ತಯಾರಾದ ಕಾಗದದ ಮೇಲಿರಬೇಕು, ಬೆಳಕಿಗೆ ಹಿಡಿದರೆ ಅದರ ಗುರುತು ಕಾಣಬೇಕು. ಈ ನಿಯಮ ತೊಟ್ಟಿಲಲ್ಲಿರುವ ಕೂಸಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವತ್ತು ಮನೆಯಲ್ಲಿ ಆ ಕಾಗದ ಮುಗಿದಿತ್ತು. ಅಂಗಡಿ ಒಂದು ಮೈಲಿ. ನಿನ್ನ ತಂಗಿ ಬರ್ಮಿಂಗ್‌ಹ್ಯಾಮ್‌ನಿಂದ ನರ್ಸ್ ಕೆಲಸದ ರಜೆಗೆ ಬಂದವಳು ಹಿಂದಿನ ವಾರವಷ್ಟೇ ನನಗೆ ಇದೇ ನೀಲಿ ಪ್ಯಾಡು ಕೊಟ್ಟಿದ್ದಳು. ಎಷ್ಟು ನುಣುಪಾಗಿತ್ತು ಆ ಹಾಳೆ. ಅದರ ಮೇಲೆ ನನ್ನ ಅಕ್ಷರ ಚೆನ್ನಾಗಿ ಕಾಣುತ್ತದೆ ಎಂದುಕೊಂಡೆ. ಯಾರು ಬೆಳಕಿಗೆ ಹಿಡಿಯುತ್ತಾರೆ ಎಂದುಕೊಂಡೆ.

ಹಿಡಿದರು. ಆಗ ಬೋರ್ಡಿನಲ್ಲಿದ್ದ ಮುದುಕ ಕಾರ್ಯದರ್ಶಿ ಎದ್ದು ಕಿಟಕಿಯ ತನಕ ನಡೆದು ಹೋಗಿ ಹಿಡಿದ. ವಾಪಸು ಬಂದು, "ನಿಯಮಕ್ಕೆ ಹೊರತು," ಎಂದು ನನ್ನ ಕೈಗೆ ಕೊಟ್ಟ. ಲಂಡನ್ನಿನ ಲಕೋಟೆಯನ್ನು ಒಡೆಯಲೂ ಇಲ್ಲ. ಕಪ್ ಹೋಯಿತು. ನಿನಗೆ ಒಂದು ವರ್ಷ ನಿಷೇಧ.

ಇಲ್ಲಿಯವರೆಗಿನದು ದಡ್ಡತನ. ಮುಂದಿನದು ಬೇರೆ. ಮರಳುವಾಗ ಲಾರಿಯಲ್ಲಿ ಎಲ್ಲರೂ, "ಏನಾಯ್ತೋ?" ಎಂದು ಕೇಳಿದರು. "ಲಂಡನ್ ಪತ್ರದಿಂದ ಕೆಲಸ ಆಗಲಿಲ್ಲ," ಎಂದೆ. ಲಂಡನ್ನಿನವನೇ ನಿನ್ನನ್ನು ಬಿಟ್ಟುಕೊಟ್ಟ, ನೀನು ನಿಜವಾಗಿ ಆಡಿದ್ದೆ ಎಂದು ಅವರು ತಿಳಿದುಕೊಂಡರು. ಹದಿನೈದು ಮೈಲಿ ದಾರಿ. ತಿದ್ದಲು ಹದಿನೈದು ಮೈಲಿಯ ಸಮಯ ಇತ್ತು. ಆ ಚಳಿಗಾಲದಲ್ಲಿ ಪೂಜೆಗೆ ಬಂದ ನಿನ್ನ ಪಕ್ಕದ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ನಾನೂ ಕೂರಲಿಲ್ಲ. ವಸಂತದಲ್ಲಿ ನೀನು ಊರು ಬಿಟ್ಟೆ.

ಲಂಡನ್ನಿನ ಲಕೋಟೆ ಇದರ ಜೊತೆ ಇದೆ. ಇವತ್ತಿಗೂ ಅಂಟು ಬಿಚ್ಚಿಲ್ಲ. ನಿನಗೆ ಸೇರಬೇಕಾದದ್ದು.

ಈಗ ನೀನು ಬರುವುದಿಲ್ಲ ಎಂದು ನನಗೆ ಗೊತ್ತು. ಬಾ ಎಂದು ಕೇಳುತ್ತಲೂ ಇಲ್ಲ. ಮೇ ಹದಿನೇಳರಂದು ನಾವು ಹದಿನಾಲ್ಕು ಜನ ನಿಂತಿರುತ್ತೇವೆ.

ಮ್ಯಾಲಕಿ


ರಹೀನ್‌ಮೋರ್
3 ಮೇ 1987

ಮ್ಯಾಲಕಿ,

ಈ ಹಾಳೆಯನ್ನು ಕಿಟಕಿಗೆ ಹಿಡಿ. ಗುರುತು ಕಂಡಿತೇ? ನನ್ನ ಹಿಂದಿನ ಮೂರು ಪತ್ರಗಳನ್ನು ಇಟ್ಟಿದ್ದರೆ ಅವನ್ನೂ ಹಿಡಿ.

ಡೆಲಿಯಾ 1959ರ ಮಾರ್ಚಿನಲ್ಲಿ ಸೈಕಲ್ ತುಳಿದುಕೊಂಡು ಬಂದು ಎಲ್ಲ ಹೇಳಿದಳು. "ಪ್ಯಾಡು ನಂದು ಅಣ್ಣ, ಬೈಯೋದಾದ್ರೆ ನನ್ನ ಬೈ," ಎಂದಳು. ಅವಳು ಹೋದ ಮೇಲೆ ಅಂಗಡಿಗೆ ಹೋಗಿ ಈ ಕಾಗದದ ಒಂದು ಕಟ್ಟು ತಂದೆ. ನಿನಗೆ ಏನೂ ಬರೆಯದೆ ಬರಿ ಹಾಳೆಯನ್ನೇ ಕಳಿಸೋಣ ಎಂದು. ಅವಳು ಮತ್ತೆ ಬಂದು ತಡೆದಳು. "ಅವನಾಗಿ ಹೇಳ್ತಾನೆ. ಅಲ್ಲಿವರೆಗೆ ನಿನಗೆ ಗೊತ್ತಿಲ್ಲ ಅಂತ್ಲೇ ಇರು," ಎಂದಳು. ಕೊಟ್ಟ ಮಾತು. ಪ್ರತಿ ಕ್ರಿಸ್‌ಮಸ್‌ಗೆ ಬಂದಾಗ ನಾನು ಕೇಳುತ್ತಿದ್ದೆ, "ಹೇಳಿದ್ನಾ?" ಅವಳು ಕೋಟು ಬಿಚ್ಚುತ್ತ, "ಇನ್ನೂ ಇಲ್ಲ," ಅನ್ನುತ್ತಿದ್ದಳು. ಆಸ್ಪತ್ರೆಯಲ್ಲೂ ಅದನ್ನೇ ಹೇಳಿದಳು. ಇಲ್ಲ ಎಂದು ಒಂದು ಸಲವೂ ಹೇಳಲಿಲ್ಲ, ಇನ್ನೂ ಇಲ್ಲ ಎಂದೇ ಹೇಳಿದಳು.

ಕಪ್ ಹೋದದ್ದಕ್ಕೆ ನನಗೆ ಆಗಲೂ ಸಿಟ್ಟಿರಲಿಲ್ಲ. ಪಕ್ಕದ ಬೆಂಚು ಖಾಲಿ ಇದ್ದದ್ದಕ್ಕೆ ಇತ್ತು. ರಹೀನ್‌ಮೋರಿಗೆ ಯಾಕೆ ಹೋದೆ ಎಂದು ಊರೆಲ್ಲ ಆಡಿಕೊಂಡಿರಿ. ಅವರು ತಕರಾರನ್ನು ಮುಖದೆದುರಿಗೇ ಮಾಡಿದರು, ಅದಕ್ಕೆ.

ಲಂಡನ್ ಪತ್ರ ಒಡೆದೆ. ಮೂರು ಸಾಲು. ನಾನು ಆಡಿಲ್ಲ, ಬಾವುಟ ಹಿಡಿದಿದ್ದೆ, ಅದನ್ನೂ ಸರಿಯಾಗಿ ಹಿಡಿಯಲಿಲ್ಲ ಎಂದಿದೆ.

ಫಾರ್ಮಿಗೆ ನನ್ನ ಸಹಿ ಹಾಕಿದ್ದೇನೆ. ಬಾರ್ಟ್ಲಿ ಹಾಕುವುದಿಲ್ಲ ಎನ್ನುತ್ತಾನೆ. ಅವನು ಹಾಕದಿದ್ದರೆ ನಾನು ಬರುವಂತಿಲ್ಲ. ಉಳಿದ ಕಾಗದದ ಕಟ್ಟನ್ನು ಮಟ್ಟಿ ಫೇಹಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಈ ಸಲ ಏನಾದರೂ ಬರೆಯಬೇಕಾಗಿ ಬಂದರೆ ಇದರ ಮೇಲೆ ಬರೆ.

ಫೆಸ್ಟಿ


ಕ್ಲೂನ್‌ಬ್ರಾಕ್
24 ಮೇ 1987

ಕೌಂಟಿ ಬೋರ್ಡಿನ ಕಾರ್ಯದರ್ಶಿ ಶ್ರೀ ಪಿ. ಜೆ. ಹ್ಯಾನಿಫಿ ಅವರಿಗೆ

ಮಾನ್ಯರೆ,

ಈ ತಿಂಗಳ 17ರ ಆಟದ ಬಗ್ಗೆ ರಹೀನ್‌ಮೋರ್ ಕ್ಲಬ್ಬು ಕೊಟ್ಟ ತಕರಾರಿನ ಪ್ರತಿ ತಲುಪಿತು. ನಮ್ಮ ಹದಿನೈದನೆಯ ಆಟಗಾರ ಫೆಸ್ಟಸ್ ಲಾಲಿ ಗೆರೆ ದಾಟಿದ್ದು ದ್ವಿತೀಯಾರ್ಧ ಶುರುವಾದ ಮೇಲೆ, ಆದ್ದರಿಂದ ನಮ್ಮ ತಂಡ ಅಪೂರ್ಣ, ಆದ್ದರಿಂದ ಕ್ಲೂನ್‌ಬ್ರಾಕ್ ಕ್ಲಬ್ಬನ್ನು ತಮ್ಮೊಳಗೆ ಸೇರಿಸಬೇಕು ಎಂದು ಅವರ ವಾದ. ಅವರ ಸಹಿಯ ಮೇಲೆ ಅವರೇ ತಕರಾರು ಮಾಡುವಂತಿಲ್ಲವಲ್ಲ, ಅದಕ್ಕೆ ಗಡಿಯಾರವನ್ನು ಹಿಡಿದುಕೊಂಡಿದ್ದಾರೆ. ನನ್ನ ಉತ್ತರ ಸ್ವಲ್ಪ ಉದ್ದವಾಗುತ್ತದೆ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ತಮ್ಮ ಬೋರ್ಡಿಗೆ ಕೊಟ್ಟ ಉತ್ತರವನ್ನು ಯಾರೂ ಓದಲಿಲ್ಲ, ಅದರ ಬಾಕಿಯೂ ಸೇರಿದೆ ಎಂದು ತಿಳಿಯಿರಿ.

ನಾವು ಹದಿನಾಲ್ಕು ಜನ ಆಟ ಶುರು ಮಾಡಿದೆವು. ಮಧ್ಯಂತರದ ಹೊತ್ತಿಗೆ ಅವರದು ಎರಡು ಗೋಲು ಒಂಬತ್ತು ಪಾಯಿಂಟು, ನಮ್ಮದು ಮೂರು ಪಾಯಿಂಟು. ಅದರಲ್ಲಿ ಒಂದು, ಮಟ್ಟಿ ಫೇಹಿ ಕಣ್ಣು ಮುಚ್ಚಿಕೊಂಡು ಹೊಡೆದದ್ದು. ಫೆಸ್ಟಸ್ ಲಾಲಿ ಅಷ್ಟು ಹೊತ್ತೂ ಆ ಕಡೆಯ ಬದುವಿನ ಮೇಲೆ ರಹೀನ್‌ಮೋರ್ ಜನರ ನಡುವೆ, ಕೋಟಿನೊಳಗೆ ನಮ್ಮ ಅಂಗಿ ತೊಟ್ಟುಕೊಂಡು, ಕೈಯಲ್ಲಿ ಫಾರ್ಮು ಹಿಡಿದು, ಅವರ ಅಧ್ಯಕ್ಷ ಬಾರ್ಟ್ಲಿ ಕೊಯ್ನ್‌ನ ಪಕ್ಕದಲ್ಲೇ ನಿಂತಿದ್ದ. ಮಧ್ಯಂತರದಲ್ಲಿ ನಾನು ಸೊಂಟ ಹಿಡಿದುಕೊಂಡು ಅಲ್ಲಿಗೆ ಹೋದೆ. ಕಿವಿಯಾರೆ ಕೇಳಿದ್ದು ಇದು:

"ಸಹಿ ಹಾಕು ಬಾರ್ಟ್ಲಿ."

"ನಿನಗೆ ತಲೆ ಕೆಟ್ಟಿದೆ ಫೆಸ್ಟಿ. ಇಪ್ಪತ್ತೆಂಟು ವರ್ಷ ನಮ್ಮವನು ನೀನು."

"ಇಪ್ಪತ್ತೆಂಟು ವರ್ಷ ನಿಮ್ಮ ಕೋಲು ಮಾಡಿದೀನಿ. ಅಲ್ಲಿ ನಿಂತಿರೋ ಹದಿನೈದು ಜನರ ಕೈಲಿರೋದು ನಾನು ಕೆತ್ತಿದ್ದು. ಸಹಿ ಹಾಕಲ್ಲ ಅಂದ್ರೆ ಹೇಳು, ಹೋಗಿ ಹದಿನೈದನ್ನೂ ಈಗ್ಲೇ ಈಸ್ಕೊಂಡು ಬರ್ತೀನಿ. ಬರಿಗೈಲಿ ಆಡಿ."

"ಒಬ್ಬ ಮುದುಕ ಬಂದು ಏನು ಕಡಿದು ಹಾಕ್ತೀಯ?"

"ಏನಿಲ್ಲ. ನಿಲ್ತೀನಿ."

ಬಾರ್ಟ್ಲಿ ಅತ್ತ ಇತ್ತ ನೋಡಿದ. ಅವನ ಊರಿನ ಒಬ್ಬ ಹೆಂಗಸು, "ಹಾಕೋ ಬಾರ್ಟ್ಲಿ, ಟೀ ಆರ್ತದೆ," ಎಂದಳು. ಅವನು ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದ. ಪೆನ್ನಿನ ಮೊನೆ ಅಂಗಿಯ ಮೇಲೂ ಚುಚ್ಚಿತು. ಕಲೆ ಇನ್ನೂ ಇದೆ, ಬೇಕಾದರೆ ತೋರಿಸುತ್ತೇನೆ.

ಅಷ್ಟರಲ್ಲಿ ಎರಡು ತಂಡವೂ ನಡುಮೈದಾನದಲ್ಲಿ ನಿಂತಿದ್ದವು. ರೆಫರಿ ಸೀಟಿಯನ್ನು ಬಾಯಿಗೆ ಇಟ್ಟದ್ದು ನಿಜ. ಊದಲಿಲ್ಲ. ಯಾಕೆಂದರೆ ಚೆಂಡು ಹುಲ್ಲಿನ ಮೇಲಿತ್ತು, ಅದರ ಮೇಲೆ ರಹೀನ್‌ಮೋರ್ ತಂಡದ ಕೋಲ್ಮ್ ಲಾಲಿ ಕಾಲಿಟ್ಟು ನಿಂತಿದ್ದ. "ಕಾಲು ತೆಗಿ," ಎಂದ ರೆಫರಿ. "ಒಂದು ನಿಮಿಷ ಸ್ವಾಮಿ," ಎಂದ ಅವನು, "ನಮ್ಮಪ್ಪ ಬರ್ತಾ ಇದಾರೆ. ಮೊಣಕಾಲು ನೋವು, ನಿಧಾನ." ಅವರದೇ ತಂಡದವರು ಬೈದರು. ಅವನು ಕಾಲು ತೆಗೆಯಲಿಲ್ಲ. ಫೆಸ್ಟಸ್ ಕೋಟು ಬಿಚ್ಚಿ ಬದುವಿನ ಮೇಲಿಟ್ಟು, ಗೆರೆ ದಾಟಿ, ಫಾರ್ಮನ್ನು ರೆಫರಿಯ ಕೈಗೆ ಕೊಟ್ಟು, ನಮ್ಮ ಗೋಲಿನ ಮುಂದೆ ಹೋಗಿ ನಿಂತ ಮೇಲೆಯೇ ಸೀಟಿ ಊದಿದ್ದು. ರೆಫರಿಯನ್ನು ಕೇಳಿ. ಕೋಲ್ಮ್‌ನನ್ನೂ ಕೇಳಿ, ಸುಳ್ಳು ಹೇಳುವ ಮನೆತನ ಅವರದಲ್ಲ. ಸುಳ್ಳಿಗೆ ಸಮನಾದ ಮೌನ ಇದ್ದದ್ದು ಬೇರೊಂದು ಮನೆಯಲ್ಲಿ, ಅದನ್ನು ಹೋದ ಭಾನುವಾರ ಬೆಳಿಗ್ಗೆ ಪೂಜೆಯಾದ ಮೇಲೆ ಫಾದರ್ ಡೆವಾನಿಯ ಒಪ್ಪಿಗೆ ಪಡೆದು ನಾನೇ ಎದ್ದು ನಿಂತು ಊರಿನ ಮುಂದೆ ಹೇಳಿದ್ದೇನೆ. ತಮ್ಮ ದಾಖಲೆಗೂ ಇರಲಿ: 1958ರಲ್ಲಿ ಫೆಸ್ಟಸ್ ಲಾಲಿ ನಿರಪರಾಧಿ. ತಪ್ಪು ಕ್ಲೂನ್‌ಬ್ರಾಕ್ ಕಾರ್ಯದರ್ಶಿಯದು.

ಆಟದಲ್ಲಿ ಸೋತೆವು. ಅವರದು ಐದು ಗೋಲು ಹದಿನೇಳು ಪಾಯಿಂಟು, ನಮ್ಮದು ಆರು ಪಾಯಿಂಟು. ಮೂರು ಸಲ ಅಪ್ಪ ಮಗ ಎದುರುಬದುರು ಬಂದರು. ಎರಡು ಸಲ ಮಗ ದಾಟಿ ಹೋದ, ಮೂರನೆಯ ಸಲ ಹೋಗಲಿಲ್ಲ, ಎರಡು ಕೋಲೂ ಮುರಿದವು. ಸೋತವರಿಗೆ ಇನ್ನೊಂದು ಅವಕಾಶ ಇದೆ ಎಂದು ತಮ್ಮದೇ ಪಟ್ಟಿಯಲ್ಲಿದೆ, ಜೂನ್ ಏಳಕ್ಕೆ. ನಾವು ಬರುತ್ತೇವೆ.

ಕೊನೆಯ ಮಾತು. ರಹೀನ್‌ಮೋರ್ ಬರೆದ ತಕರಾರಿನ ಮೂಲ ತಮ್ಮ ಕಚೇರಿಯಲ್ಲಿದೆ. ಮೊನ್ನೆ ಬಂದು ನೋಡಲು ಕೇಳಿದಾಗ ತಮ್ಮ ಗುಮಾಸ್ತೆ ತೋರಿಸಿದರು. ಅಭ್ಯಾಸ ನೋಡಿ, ಕೈ ತಾನಾಗಿಯೇ ಕಿಟಕಿಗೆ ಹೋಯಿತು. ಯಾವ ಗುರುತೂ ಇಲ್ಲ. ಹೊರದೇಶದ ಕಾಗದ. ನಿಯಮದ ಪ್ರಕಾರ ತಾವು ಅದನ್ನು ಓದದೆ ಪಕ್ಕಕ್ಕೆ ಇಡಬಹುದು, ನಮ್ಮ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಹಾಗೆ ಮಾಡಬೇಡಿ. ಅದನ್ನು ಓದಿ. ಗಟ್ಟಿಯಾಗಿ, ಎಲ್ಲರ ಮುಂದೆ, ಕೊನೆಯ ಸಾಲಿನ ತನಕ ಓದಿ. ಆಮೇಲೆ ನಮ್ಮದನ್ನೂ ಹಾಗೆಯೇ ಓದಿ. ಈ ಹಾಳೆಯನ್ನು ಬೇಕಾದರೆ ಬೆಳಕಿಗೆ ಹಿಡಿದು ನೋಡಿ, ಆದರೆ ಓದಿದ ಮೇಲೆ.

ಮ್ಯಾಲಕಿ ಗೆರಟಿ
ಕಾರ್ಯದರ್ಶಿ ಮತ್ತು ಎಡಬದಿಯ ಆಟಗಾರ, ಕ್ಲೂನ್‌ಬ್ರಾಕ್


ರಹೀನ್‌ಮೋರ್
2 ಜೂನ್ 1987

ಮ್ಯಾಲಕಿ,

ನೀನು ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಮಲಗಿದ್ದೀ ಎಂದು ಮಟ್ಟಿ ಹೇಳಿದ. ಆದ್ದರಿಂದ ನಿನ್ನೆಯ ಸಭೆಯ ವಿಷಯ ನಾನು ಬರೆಯುತ್ತಿದ್ದೇನೆ.

ಹ್ಯಾನಿಫಿ ಎರಡನ್ನೂ ಗಟ್ಟಿಯಾಗಿ ಓದಿದ. ಅವರದು ನಾಲ್ಕು ನಿಮಿಷ. ನಿನ್ನದು ಕಾಲು ಗಂಟೆ, ನಡುವೆ ಎರಡು ಸಲ ನೀರು ಕುಡಿದ. ಬೆನ್ನನ್ನು ಮೇಜು ಮಾಡಿದ ಭಾಗಕ್ಕೆ ಬಾರ್ಟ್ಲಿಯೇ ಮೊದಲು ನಕ್ಕ. ರೆಫರಿಯೂ ಕೋಲ್ಮ್‌ನೂ ನೀನು ಬರೆದದ್ದನ್ನೇ ಹೇಳಿದರು. ತಕರಾರು ಬಿದ್ದುಹೋಯಿತು. ಕ್ಲಬ್ಬು ಉಳಿಯಿತು, ಮುಂದಿನ ವರ್ಷದ ತನಕ. ಮುಂದಿನ ವರ್ಷ ಮತ್ತೆ ಹದಿನೈದು ಬೇಕು.

ಲಂಡನ್ ಪತ್ರವನ್ನು ನಾನೇ ಓದಿದೆ. ಬಾವುಟದ ಸಾಲಿಗೂ ನಕ್ಕರು. ಇರಲಿ.

ಕೋಲ್ಮ್‌ನ ಪುಸ್ತಕದಲ್ಲಿ ನಿನ್ನ ಸೇತುವೆ ಸಿಕ್ಕಿತು. ಸೇತುವೆ ಬಿತ್ತಂತೆ. ಅವನ ಕಡೆಯವರೇ ಹಿಂದಿನಿಂದ ಕಡಿದುಹಾಕಿದರು. ಅವನು ನೀರಿಗೆ ಹಾರಿ, ಈಜಿ, ತನ್ನ ದಡ ಸೇರಿದ.

ಗುರುವಾರ ಏಳು ಗಂಟೆಗೆ ಪ್ರಾಕ್ಟೀಸಿಗೆ ಬರುತ್ತೇನೆ. ಎರಡು ಹೊಸ ಕೋಲು ತರುತ್ತೇನೆ. ಆಮೇಲೆ ಡೆಲಿಯಾಳ ಹತ್ತಿರ ಹೋಗಿ ಬರೋಣ. ಅವಳಿಗೆ ಹೇಳುವುದಿದೆ.

ಇದನ್ನು ನಿನ್ನ ಆ ಕೊನೆಯ ನೀಲಿ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ಅದು ನನ್ನ ಮನೆಯಲ್ಲಿರುವುದು ಬೇಡ, ನಿನಗೇ ವಾಪಸು. ಹಿಂಬದಿ ಖಾಲಿ ಇತ್ತು.

ಫೆಸ್ಟಿ
ಕ್ಲೂನ್‌ಬ್ರಾಕ್